ಬೀಳುವ ಹುಳು, ಬಾಯಿ ತೆರೆಯುವ ಬಾಸ್: ಪ್ಲಾಸ್ಟಿಕ್ ಹುಳುವಿನ ಗಾಳಗಾರಿಕೆ

ಗಾಜಿನ ತೊಟ್ಟಿಯೊಂದರಲ್ಲಿ ನೀರು ತುಂಬಿಸಿ, ಬಾಸ್ ಮೀನಿಗೆಂದು ತಯಾರಾಗುವ ಮೆದು ಪ್ಲಾಸ್ಟಿಕ್ ಹುಳುವೊಂದನ್ನು ಅದರೊಳಗೆ ಬಿಡಿ. ಕೊಕ್ಕೆ ಬೇಡ, ದಾರ ಬೇಡ, ಬರಿಯ ಹುಳು ಸಾಕು. ಉಪ್ಪು ಬೆರೆಸಿದ ಕಡ್ಡಿಯಾಕಾರದ ಹುಳುವಾದರೆ ಅದು ಅಡ್ಡಡ್ಡಲಾಗಿ, ಎರಡೂ ತುದಿಗಳನ್ನು ಸಣ್ಣಗೆ ನಡುಗಿಸುತ್ತಾ, ಅವಸರವಿಲ್ಲದೆ ತಳ ಸೇರುತ್ತದೆ. ಅದನ್ನು ತೆಗೆದು, ಸುರುಳಿ ಬಾಲದ ಹುಳುವೊಂದರ ತಲೆಗೆ ಪುಟ್ಟ ಗುಂಡು ಸಿಕ್ಕಿಸಿ ಬಿಡಿ. ಈಗ ತಲೆ ಕೆಳಗಾಗಿ ನೇರ ಇಳಿಯುತ್ತದೆ. ಬಾಲ ಮಾತ್ರ ಹಿಂದೆ ರಿಬ್ಬನ್ನಿನಂತೆ ಅಲೆಯಾಡುತ್ತದೆ. ಗುಂಡಿನ ತೂಕ ಎರಡರಷ್ಟು ಮಾಡಿದರೆ ಆ ಅಲೆಯಾಟವೂ ಗಡಿಬಿಡಿಯ ಕಂಪನವಾಗುತ್ತದೆ.

ಈ ಮೂರು ಬೀಳುವಿಕೆಗಳನ್ನು ಕಣ್ಣಾರೆ ಕಂಡವರಿಗೆ ಹುಳುವಿನ ಗಾಳಗಾರಿಕೆಯ ಅರ್ಧ ಪಾಠ ಆದಂತೆಯೇ. ಟೆಕ್ಸಸ್ ರಿಗ್, ಕ್ಯಾರೊಲಿನಾ ರಿಗ್, ವ್ಯಾಕಿ ರಿಗ್ ಎಂಬ ಹೆಸರುಗಳ ಸಾಲು ಹೊಸಬರನ್ನು ಹೆದರಿಸುತ್ತದೆ. ಆದರೆ ಈ ಜೋಡಣೆಗಳೆಲ್ಲ ಉತ್ತರಿಸುವುದು ಎರಡೇ ಪ್ರಶ್ನೆಗಳಿಗೆ: ಹುಳು ಹೇಗೆ ಬೀಳಬೇಕು? ಬಿದ್ದ ಜಾಗದ ಕಳೆ, ಕೊಂಬೆ, ಕಲ್ಲುಗಳಲ್ಲಿ ಕೊಕ್ಕೆ ಸಿಕ್ಕಿಕೊಳ್ಳದಂತೆ ಹೇಗೆ ಹೊರಬರಬೇಕು? ಈ ಎರಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೆಸರುಗಳು ತಾವಾಗಿ ಜಾಗ ಹಿಡಿಯುತ್ತವೆ.

ಮೊದಲು ಮೀನಿನ ಬಗ್ಗೆ. ಇಲ್ಲಿ ಬಾಸ್ ಎಂದರೆ ಮುಖ್ಯವಾಗಿ ಲಾರ್ಜ್‌ಮೌತ್ ಬಾಸ್, ದೊಡ್ಡ ಬಾಯಿಯ ಬಾಸ್. ಉತ್ತರ ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗಗಳ ಸಿಹಿನೀರಿನ ಮೀನು ಇದು. ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣಿನ ಹಿಂದಿನ ಅಂಚನ್ನೂ ದಾಟಿರುತ್ತದೆ ಎಂದರೆ ಆ ಬಾಯಿ ಎಷ್ಟು ದೊಡ್ಡದೆಂದು ಊಹಿಸಬಹುದು. ಆಟಕ್ಕಾಗಿ ಗಾಳ ಹಾಕುವವರು ಇದನ್ನು ಬೇರೆ ದೇಶಗಳಿಗೂ ಒಯ್ದರು. ಜಪಾನಿನ ಆಶಿ ಸರೋವರಕ್ಕೆ ಇದು ಬಂದದ್ದು 1925ರಲ್ಲಿ. ಬಾಸ್ ಬೇಟೆಯನ್ನು ಬೆನ್ನಟ್ಟಿ ದಣಿಯುವ ಮೀನಲ್ಲ. ಮುಳುಗಿದ ಮರದ ನೆರಳು, ಜೊಂಡಿನ ಅಂಚು, ದೋಣಿಕಟ್ಟೆಯ ಕಂಬಗಳ ಬುಡ, ತಳ ಹಠಾತ್ತನೆ ಇಳಿಯುವ ಅಂಚು, ಇಂಥ ಕಡೆ ಹೊಂಚು ಹಾಕಿ ನಿಲ್ಲುತ್ತದೆ. ಎಟುಕುವಷ್ಟು ಹತ್ತಿರ ಏನಾದರೂ ಬಂದರೆ ಬಾಯಿಯನ್ನೂ ಕಿವಿರಿನ ಮುಚ್ಚಳಗಳನ್ನೂ ಥಟ್ಟನೆ ಹಿಗ್ಗಿಸುತ್ತದೆ. ಆಗ ಬಾಯೊಳಗೆ ಒತ್ತಡ ಕುಸಿದು ನೀರು ನುಗ್ಗುತ್ತದೆ, ನೀರಿನೊಂದಿಗೆ ಬೇಟೆಯೂ. ಇದೆಲ್ಲ ಮುಗಿಯುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ಕಚ್ಚುವುದಕ್ಕಿಂತ ಹೀರುವುದು ಎಂಬ ಮಾತೇ ಇದಕ್ಕೆ ಸರಿ. ಬೇಡವೆನಿಸಿದರೆ ಅಷ್ಟೇ ವೇಗವಾಗಿ ಉಗುಳುವುದೂ ಅದಕ್ಕೆ ಗೊತ್ತು.

ಹೀರುವ ಈ ಬಾಯಿಗೂ ಮೆದು ಹುಳುವಿಗೂ ಹೇಳಿ ಮಾಡಿಸಿದಂಥ ಜೋಡಿ. ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಕೃತಕ ಮೀನು ಬಾಯಿಗೆ ತಾಗಿದೊಡನೆ ಬಾಸ್‌ಗೆ ಮೋಸ ತಿಳಿಯುತ್ತದೆ. ಮೆದುವಾದ ಹುಳು ಬಾಯಲ್ಲಿ ಮಡಚಿಕೊಳ್ಳುತ್ತದೆ, ಹಿಂಡಿದರೆ ಹಿಂಡಿಸಿಕೊಳ್ಳುತ್ತದೆ. ಉಪ್ಪು ಇದ್ದರೆ ರುಚಿಯೂ ಇರುತ್ತದೆ. ಹಾಗಾಗಿ ಮೀನು ಒಂದೆರಡು ಕ್ಷಣ ಹೆಚ್ಚು ಹಿಡಿದುಕೊಳ್ಳುತ್ತದೆ. ಗಾಳಗಾರನಿಗೆ ಬೇಕಾದದ್ದು ಆ ಒಂದೆರಡು ಕ್ಷಣಗಳೇ.

ಎರೆ ಎಂಬ ನಮ್ಮ ಮಾತಿಗೆ ಗಾಳಕ್ಕೆ ಸಿಕ್ಕಿಸುವ ಆಹಾರ ಎಂಬ ಅರ್ಥವೂ ಇದೆ. ಎರೆಹುಳುವಿಗೆ ಆ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆ ಎರೆಹುಳುವನ್ನೇ ಅಚ್ಚಿನಲ್ಲಿ ಎರಕ ಹೊಯ್ಯಲು ಹೊರಟವರು ಅಮೆರಿಕದ ಒಹಾಯೊ ರಾಜ್ಯದ ಆ್ಯಕ್ರನ್ ಊರಿನ ನಿಕ್ ಕ್ರೀಮ್ ಮತ್ತು ಅವರ ಪತ್ನಿ. ರಬ್ಬರ್ ಉದ್ಯಮಕ್ಕೆ ಹೆಸರಾದ ಆ ಊರಿನಲ್ಲಿ, ಮನೆಯಲ್ಲೇ ಕುದಿಸಿ ಬೆರೆಸಿ ನೋಡುತ್ತಾ, 1949ರಲ್ಲಿ ಮೆದು ಪ್ಲಾಸ್ಟಿಕ್ ಹುಳುವನ್ನು ಮಾರುಕಟ್ಟೆಗೆ ತಂದರು. ಮುಂದೆ ಕಂಪನಿ ಟೆಕ್ಸಸ್ ರಾಜ್ಯದ ಟೈಲರ್ ಊರಿಗೆ ಹೋಯಿತು. ಸುತ್ತಲಿನ ಜಲಾಶಯಗಳಲ್ಲಿ ಮುಳುಗಿದ ಮರಗಳು, ಅವುಗಳ ನಡುವೆ ಬಾಸ್. ತೆರೆದ ಕೊಕ್ಕೆ ಅಂಥ ಕಡೆ ಎರಡು ಸಲ ಎಸೆಯುವಷ್ಟರಲ್ಲಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೇ ಅಡಗಿಸಿದರೆ ಹೇಗೆ ಎಂಬ ಉಪಾಯ ಹುಟ್ಟಿದ್ದು ಆ ಅಗತ್ಯದಿಂದ. ಅದೇ ಟೆಕ್ಸಸ್ ರಿಗ್.

ಹುಳುವಿನ ಮೈಯಲ್ಲಿ ಏನಿದೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಹೆಚ್ಚಿನವು ಪ್ಲಾಸ್ಟಿಸಾಲ್ ಎಂಬ ದ್ರವದಿಂದ ಆದವು. ಪಿವಿಸಿಯ ನುಣ್ಣನೆಯ ಕಣಗಳು ಎಣ್ಣೆಯಂಥ ಮೆದುಕಾರಕದಲ್ಲಿ ತೇಲುತ್ತಿರುವ ದ್ರವ ಅದು. ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅಚ್ಚಿಗೆ ಹೊಯ್ದರೆ, ತಣ್ಣಗಾದ ಮೇಲೆ ರಬ್ಬರಿನಂತೆ ಬಳುಕುವ ಮೈ ಸಿಗುತ್ತದೆ. ಮೆದುಕಾರಕ ಹೆಚ್ಚಾದಷ್ಟೂ ಹುಳು ಮೆದು, ಚಲನೆ ಚೆಂದ. ಆದರೆ ಬೇಗ ಹರಿಯುತ್ತದೆ. ಉಪ್ಪು ಸೇರಿಸಿದರೆ ತೂಕ ಹೆಚ್ಚಿ, ಗುಂಡಿಲ್ಲದೆಯೂ ಮುಳುಗುತ್ತದೆ, ಜೊತೆಗೆ ಇನ್ನಷ್ಟು ಬೇಗ ಹರಿಯುತ್ತದೆ. ಈಚೆಗೆ ಬಂದಿರುವ ಇನ್ನೊಂದು ಬಗೆಯ ಹಿಗ್ಗುವ ಪ್ಲಾಸ್ಟಿಕ್ ತುಂಬಾ ಗಟ್ಟಿಮುಟ್ಟು, ನೀರಿನಲ್ಲಿ ತೇಲುತ್ತದೆ. ಆದರೆ ಅದನ್ನೂ ಸಾಮಾನ್ಯ ಹುಳುಗಳನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟರೆ ಒಂದಕ್ಕೊಂದು ಕರಗಿ ಅಂಟಿನ ಮುದ್ದೆಯಾಗುತ್ತವೆ. ಒಮ್ಮೆ ಹೀಗೆ ಒಂದು ಡಬ್ಬಿ ಪೂರ್ತಿ ಕಳೆದುಕೊಂಡ ಮೇಲೆ ನಾನು ಹುಳುಗಳನ್ನು ಅವು ಬಂದ ಚೀಲದಿಂದ ಹೊರತೆಗೆದು ಜೋಡಿಸಿಡುವುದನ್ನೇ ಬಿಟ್ಟಿದ್ದೇನೆ.

ಟೆಕ್ಸಸ್ ರಿಗ್: ಬೆರಳ ತುದಿಯಲ್ಲಿ

ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಬೇಕಾದದ್ದು ಮೂರು: ಬಂದೂಕಿನ ಗುಂಡಿನ ಆಕಾರದ, ನಡುವೆ ತೂತಿರುವ ಗುಂಡು; ದಾರ ಕಟ್ಟುವ ತೂತಿನ, ಅಂದರೆ ಕಣ್ಣಿನ, ಕೆಳಗೆ ಮೆಟ್ಟಿಲಿನಂತೆ ಬಾಗಿರುವ ಹುಳುಕೊಕ್ಕೆ; ಒಂದು ಹುಳು. ಆರು ಇಂಚಿನ ಹುಳುವಿಗೆ 3/0 ಅಳತೆಯ ಕೊಕ್ಕೆ, ಏಳೆಂಟು ಇಂಚಿನದಕ್ಕೆ 4/0, ಹತ್ತು ಇಂಚಿನದಕ್ಕೆ 5/0 ಸರಿಹೋಗುತ್ತದೆ. ಈ ಲೆಕ್ಕದಲ್ಲಿ ಸೊನ್ನೆಯ ಹಿಂದಿನ ಅಂಕಿ ಹೆಚ್ಚಾದಂತೆ ಕೊಕ್ಕೆ ದೊಡ್ಡದಾಗುತ್ತದೆ.

ದಾರವನ್ನು ಮೊದಲು ಗುಂಡಿನ ಚೂಪು ತುದಿಯಿಂದ ಒಳಹಾಕಿ ಅಗಲ ತುದಿಯಿಂದ ಹೊರತೆಗೆಯಿರಿ. ಆಮೇಲೆ ಕೊಕ್ಕೆಯ ಕಣ್ಣಿಗೆ ಕಟ್ಟಿರಿ. ಮಡಚಿದ ದಾರವನ್ನು ಕಣ್ಣಿಗೆ ತೂರಿಸಿ ಕಟ್ಟುವ ಪಾಲೊಮಾರ್ ಗಂಟು ಸುಲಭ, ಗಟ್ಟಿ. ಯಾವ ಗಂಟೇ ಆಗಲಿ, ಬಿಗಿಯುವ ಮುಂಚೆ ಎಂಜಲಿನಿಂದ ಒದ್ದೆ ಮಾಡಿ. ಒಣ ದಾರ ಉಜ್ಜಿ ಬಿಸಿಯಾಗಿ ಗಂಟಿನಲ್ಲೇ ಬಲ ಕಳೆದುಕೊಳ್ಳುತ್ತದೆ.

ಈಗ ಹುಳುವನ್ನು ಎಡಗೈಯಲ್ಲಿ ಹಿಡಿಯಿರಿ. ಅಚ್ಚಿನಿಂದ ಬಂದ ಸಣ್ಣ ಗೆರೆಯೊಂದು ಅದರ ಮೈಯುದ್ದಕ್ಕೂ ಕಾಣುತ್ತದೆ, ಅದೇ ನಿಮಗೆ ದಾರಿ ತೋರುವ ಗೆರೆ. ಕೊಕ್ಕೆಯ ಮೊನೆಯನ್ನು ತಲೆಯ ನಟ್ಟನಡುವೆ ಚುಚ್ಚಿ, ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಒಳಗೆ ನೂಕಿ, ಪಕ್ಕದಿಂದ ಆ ಗೆರೆಯ ಮೇಲೇ ಹೊರತೆಗೆಯಿರಿ. ಕೊಕ್ಕೆ ಪೂರ್ತಿ ಹೊರಬರಲಿ. ಹುಳುವನ್ನು ಕಣ್ಣಿನ ಕಡೆಗೆ ಮೇಲಕ್ಕೆ ಜಾರಿಸುತ್ತಾ ಹೋದರೆ ಮೆಟ್ಟಿಲಿನ ಬಾಗಿನ ಬಳಿ ತಲೆ ಕಚ್ಚಿ ನಿಲ್ಲುತ್ತದೆ. ಈಗ ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ. ಮೊನೆ ಹುಳುವಿನ ಮೈ ಕಡೆ ನೋಡುತ್ತದೆ.

ಮುಂದಿನ ಹೆಜ್ಜೆಯಲ್ಲಿ ಅವಸರ ಬೇಡ. ಹುಳುವನ್ನು ಕೊಕ್ಕೆಯ ಪಕ್ಕ ನೇರವಾಗಿ ತೂಗಬಿಟ್ಟು, ಬಾಗಿನ ತಳ ಮೈಗೆ ಎಲ್ಲಿ ತಾಗುತ್ತದೆ ಎಂದು ನೋಡಿ. ಆ ಜಾಗವನ್ನು ಉಗುರಿನಿಂದ ಗುರುತು ಮಾಡಿಕೊಳ್ಳಿ. ಹುಳುವನ್ನು ಸ್ವಲ್ಪ ಮಡಚಿ, ಗುರುತಿನ ಜಾಗದಲ್ಲಿ ಮೊನೆಯನ್ನು ನೇರ ಚುಚ್ಚಿ ಆಚೆ ಬದಿಗೆ ತನ್ನಿ. ಕೈ ಬಿಟ್ಟಾಗ ಹುಳು ಗೆರೆ ಎಳೆದಂತೆ ನೇರ ನಿಲ್ಲಬೇಕು. ಕೊನೆಗೆ, ಹೊರಬಂದ ಮೊನೆಯನ್ನು ಮೈಯ ಮೇಲ್ಪದರಕ್ಕೆ ಕೂದಲೆಳೆಯಷ್ಟು ಮಾತ್ರ ಸಿಕ್ಕಿಸಿ. ಬೆರಳು ಸವರಿದರೆ ಮೊನೆ ತಾಗಬಾರದು. ಒತ್ತಿದರೆ ಮಾತ್ರ ತಟ್ಟನೆ ಇಣುಕಬೇಕು. ಕಳೆಯ ನಡುವೆ ನುಸುಳುವಾಗ ಅಡಗಿರುತ್ತದೆ, ಬಾಸ್‌ನ ದವಡೆ ಒತ್ತಿದಾಗ ಹೊರಬರುತ್ತದೆ.

ಹೊಸಬರು ಎಡವುವುದು ಆ ಅಳತೆಯ ಹೆಜ್ಜೆಯಲ್ಲಿ. ಗುರುತಿಗಿಂತ ಬಾಲದ ಕಡೆಗೆ ಚುಚ್ಚಿದರೆ ಹುಳು ಗೂನು ಬೀಳುತ್ತದೆ. ತಲೆಯ ಕಡೆಗೆ ಚುಚ್ಚಿದರೆ ಎಳೆದುಕೊಂಡು ತಲೆ ಜಾರುತ್ತದೆ. ಗೆರೆ ತಪ್ಪಿದರೆ ಮೈ ತಿರುಚಿಕೊಂಡಿರುತ್ತದೆ. ತಿರುಚಿದ ಹುಳು ನೀರಿನಲ್ಲಿ ಗಿರಗಿಟ್ಲೆಯಂತೆ ಸುತ್ತುತ್ತದೆ, ದಾರವನ್ನೂ ಹುರಿಗೊಳಿಸುತ್ತದೆ, ಮತ್ತು ನೋಡುವ ಮೀನಿಗೆ ಸಹಜವಾಗಿ ಕಾಣುವುದಿಲ್ಲ. ಒಂದು ನಿಮಿಷ ಹೋದರೂ ಚಿಂತೆಯಿಲ್ಲ, ಬಿಚ್ಚಿ ಮತ್ತೆ ಸಿಕ್ಕಿಸಿ. ಪ್ರತಿ ಮೀನಿನ ನಂತರ, ಪ್ರತಿ ಸಿಕ್ಕಿನ ನಂತರ ಹುಳು ನೇರವಿದೆಯೇ ಎಂದು ನೋಡುವ ಅಭ್ಯಾಸಕ್ಕಿಂತ ದೊಡ್ಡ ಗುಟ್ಟು ಈ ವಿದ್ಯೆಯಲ್ಲಿ ನನಗೆ ಇದುವರೆಗೆ ಕಂಡಿಲ್ಲ.

ಗುಂಡಿನ ವಿಷಯ. ನೀರು ಆಳವಿಲ್ಲದಿದ್ದರೆ, ಗಾಳಿಯಿಲ್ಲದಿದ್ದರೆ 3.5ರಿಂದ 5 ಗ್ರಾಂ ಸಾಕು. ಮೂರು ನಾಲ್ಕು ಮೀಟರ್ ಆಳಕ್ಕೆ ಅಥವಾ ಗಾಳಿಗೆ 7ರಿಂದ 10 ಗ್ರಾಂ. ನೀರಿನ ಮೇಲೆ ಚಾಪೆ ಹಾಸಿದಂತೆ ಬೆಳೆದ ಕಳೆಯನ್ನು ತೂರಿ ಕೆಳಗಿಳಿಯಬೇಕಾದರೆ 28 ಗ್ರಾಂ ಅಥವಾ ಇನ್ನೂ ಹೆಚ್ಚು. ನಿಯಮ ಒಂದೇ: ತಳ ಮುಟ್ಟಿದ್ದು ಕೈಗೆ ತಿಳಿಯುವ ಅತಿ ಹಗುರ ಗುಂಡು. ಗುಂಡು ಹಗುರವಾದಷ್ಟೂ ಬೀಳುವಿಕೆ ನಿಧಾನ, ಮೀನಿಗೆ ಹೊತ್ತು ಹೆಚ್ಚು. ದಟ್ಟ ಕಳೆಯಲ್ಲಿ ಗುಂಡು ಮುಂದೆ ಜಾರಿ ಹುಳು ಹಿಂದೆ ಉಳಿದುಬಿಡುತ್ತದೆ. ಅಂಥ ಕಡೆ ರಬ್ಬರ್ ತಡೆಯೊಂದನ್ನು ಹಾಕಿ ಗುಂಡನ್ನು ಹುಳುವಿನ ಮೂಗಿಗೆ ಒತ್ತಿ ನಿಲ್ಲಿಸುತ್ತಾರೆ. ತೆರೆದ ನೀರಿನಲ್ಲಿ ಮಾತ್ರ ಗುಂಡು ಸ್ವತಂತ್ರವಾಗಿರಲಿ: ಗುಂಡು ತಳಕ್ಕೆ ಬಿದ್ದ ಮೇಲೂ ಹುಳು ತನ್ನಷ್ಟಕ್ಕೆ ನಿಧಾನವಾಗಿ ಒರಗುತ್ತದೆ. ಸೀಸಕ್ಕಿಂತ ಟಂಗ್‌ಸ್ಟನ್ ದುಬಾರಿ. ಆದರೆ ಸಾಂದ್ರತೆ ಹೆಚ್ಚಿರುವುದರಿಂದ ಅದೇ ತೂಕದ ಗುಂಡು ಚಿಕ್ಕದಾಗಿರುತ್ತದೆ, ಗಟ್ಟಿಯಾಗಿರುವುದರಿಂದ ತಳದ ಸುದ್ದಿಯನ್ನು ಚೊಕ್ಕವಾಗಿ ಕೈಗೆ ಮುಟ್ಟಿಸುತ್ತದೆ. ಕಲ್ಲಿಗೆ ಟಣ್ಣೆನ್ನುತ್ತದೆ, ಕೆಸರಿಗೆ ಮೆತ್ತಗಾಗುತ್ತದೆ.

ಎಸೆತದ ನಂತರದ ಐದು ಸೆಕೆಂಡು

ಹುಳು ನೀರಿಗೆ ಬಿತ್ತು. ಈಗ ಏನು ಮಾಡಬೇಕು? ಬಹುಪಾಲು ಬಾಸ್‌ಗಳು ಹುಳುವನ್ನು ಬಾಯಿಗೆ ಹಾಕಿಕೊಳ್ಳುವುದು ಅದು ಬೀಳುತ್ತಿರುವಾಗ. ಹೀಗಿದ್ದೂ ಹೆಚ್ಚಿನವರು ಆ ಹೊತ್ತನ್ನು ರೀಲ್ ಸರಿಪಡಿಸಿಕೊಳ್ಳುವುದರಲ್ಲಿ ಕಳೆಯುತ್ತಾರೆ.

ದಾರ ಬಿಗಿಯಾಗಿದ್ದರೆ ಹುಳು ನೇರ ಇಳಿಯುವುದಿಲ್ಲ. ಗಡಿಯಾರದ ಲೋಲಕದಂತೆ ನಿಮ್ಮ ಕಡೆಗೆ ಬಾಗಿ ಬರುತ್ತದೆ. ಮರದ ಬುಡಕ್ಕೆ ಗುರಿಯಿಟ್ಟು ಎಸೆದ ಹುಳು ತಳ ಸೇರುವಾಗ ಬುಡದಿಂದ ಒಂದು ಮೀಟರ್ ದೂರವಿರುತ್ತದೆ, ಅಲ್ಲಿ ಮೀನಿಲ್ಲ. ದಾರ ಪೂರ್ತಿ ಸಡಿಲವಿದ್ದರೆ ನೇರ ಇಳಿಯುತ್ತದೆ, ಆದರೆ ಮೀನು ಹೀರಿ ಉಗುಳಿದರೂ ನಿಮಗೆ ಸುಳಿವು ಸಿಗುವುದಿಲ್ಲ. ಬೇಕಾದದ್ದು ಇವೆರಡರ ನಡುವಿನ ಸ್ಥಿತಿ. ಕೋಲಿನ ತುದಿಯನ್ನು ಮೇಲೆತ್ತಿ ಹಿಡಿದು, ಹುಳು ಇಳಿದಂತೆಲ್ಲ ತುದಿಯನ್ನೂ ಜೊತೆಜೊತೆಗೆ ಇಳಿಸಿ. ದಾರದಲ್ಲಿ ಸಣ್ಣ ಜೋಲು ಉಳಿದಿರಲಿ. ಕಣ್ಣು ದಾರ ನೀರಿಗೆ ಇಳಿಯುವ ಜಾಗದ ಮೇಲಿರಲಿ.

ಆ ಜಾಗ ಏನೆಲ್ಲ ಹೇಳುತ್ತದೆ! ಜೋಲುಬಿದ್ದ ದಾರ ಒಮ್ಮೆ ಚಿಮ್ಮಿದರೆ ಮೀನು. ದಾರ ಪಕ್ಕಕ್ಕೆ ಸರಿಯತೊಡಗಿದರೆ ಮೀನು. ಮೂರು ಮೀಟರ್ ಆಳದ ಜಾಗದಲ್ಲಿ ಒಂದೂವರೆ ಮೀಟರಿಗೇ ದಾರ ಇಳಿಯುವುದು ನಿಂತರೆ, ನಡುನೀರಿನಲ್ಲಿ ಯಾರೋ ಅದನ್ನು ಹಿಡಿದಿದ್ದಾರೆ ಎಂದೇ ಅರ್ಥ. ಇದಕ್ಕಾಗಿಯೇ ಪ್ರತಿ ಹೊಸ ಜಾಗದಲ್ಲಿ ಮೊದಲ ಎಸೆತದಲ್ಲಿ ತಳ ಮುಟ್ಟುವವರೆಗೆ ಮನಸ್ಸಿನಲ್ಲೇ ಎಣಿಸಿ. ಎಂಟಕ್ಕೆ ಮುಟ್ಟುವುದು ಮುಂದಿನ ಎಸೆತದಲ್ಲಿ ಐದಕ್ಕೇ ನಿಂತರೆ ಅನುಮಾನ ಬೇಡ.

ತಳ ಮುಟ್ಟಿದ ಮೇಲೆ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಗಡಿಯಾರದ ಮುಳ್ಳು ಹತ್ತರಿಂದ ಹನ್ನೊಂದೂವರೆಗೆ ಹೋದಂತೆ ಕೋಲನ್ನು ನಿಧಾನ ಎತ್ತಿ. ಹುಳು ತಳದಿಂದ ಎದ್ದು ಮುಂದೆ ಜಿಗಿಯುತ್ತದೆ. ಕೋಲನ್ನು ಇಳಿಸುತ್ತಾ ಅದನ್ನು ಮತ್ತೆ ಬೀಳಬಿಡಿ, ಬಿದ್ದ ಮೇಲೆ ಸಡಿಲ ದಾರ ಸುತ್ತಿಕೊಳ್ಳಿ. ಹುಳುವನ್ನು ನಡೆಸುವುದು ಕೋಲಿನ ಕೆಲಸ, ದಾರ ಸುತ್ತುವುದಷ್ಟೇ ರೀಲಿನ ಕೆಲಸ. ರೀಲಿನಿಂದ ಎಳೆದರೆ ಹುಳು ತಳದಲ್ಲಿ ತೆವಳುತ್ತದೆ, ಬೀಳುವುದಿಲ್ಲ. ತೆವಳಿದರೂ ಮೀನು ಬೀಳುವ ದಿನಗಳಿವೆ, ವಿಶೇಷವಾಗಿ ನೀರು ತಣ್ಣಗಿರುವಾಗ. ಆದರೆ ಕಲಿಯುವವರು ಎತ್ತಿ ಬೀಳಿಸುವುದನ್ನೇ ಮೊದಲು ರೂಢಿಸಿಕೊಳ್ಳಲಿ.

ಕೊಂಬೆಯ ಮೇಲೆ ಹತ್ತಿದ ಹುಳು ಇನ್ನೇನು ಆಚೆ ಬೀಳಬೇಕು ಎನ್ನುವಾಗ ಅಲ್ಲೇ ಎರಡು ಮೂರು ಸಲ ಸಣ್ಣಗೆ ಅಲುಗಿಸಿ ಆಮೇಲೆ ಬೀಳಿಸಿ. ಕೊಂಬೆಯ ಕೆಳಗೆ ನಿಂತ ಬಾಸ್ ಆ ಹೊತ್ತಿಗೆ ಮೇಲೆ ನೋಡುತ್ತಿರುತ್ತದೆ.

ಕೈಗೆ ತಾಗುವ ಸುಳಿವು ಮೂರು ಬಗೆಯದು. ಒಂದು, ಬೆರಳಿನಿಂದ ತಟ್ಟಿದಂಥ ಚೊಕ್ಕ ಟಕ್ಕೆಂಬ ಪೆಟ್ಟು: ಮೀನು ಹೀರಿದ ಗುರುತು. ಎರಡು, ಒದ್ದೆ ಬಟ್ಟೆಯನ್ನು ಎಳೆದಂಥ ಮೆತ್ತನೆಯ ಭಾರ. ಇದನ್ನು ಕಳೆಯೆಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು, ದೊಡ್ಡ ಮೀನುಗಳು ಹಲವು ಸಲ ಹೀಗೇ ತಾಗುತ್ತವೆ. ಮೂರು, ಏನೂ ಇಲ್ಲದಿರುವುದು. ಗುಂಡಿನ ತೂಕವೇ ಮಾಯವಾದಂತೆ ಅನಿಸಿದರೆ ಮೀನು ಹುಳುವನ್ನು ಎತ್ತಿಕೊಂಡು ನಿಮ್ಮ ಕಡೆಗೇ ಈಜಿ ಬರುತ್ತಿದೆ. ಟಕಟಕಟಕ ಎಂದು ಬಿಡದೆ ತಟ್ಟುತ್ತಿದ್ದರೆ ಅದು ಬಾಲ ಕಚ್ಚುತ್ತಿರುವ ಚಿಕ್ಕ ಮೀನುಗಳ ಗುಂಪು.

ಸುಳಿವು ಸಿಕ್ಕಿತೆಂದು ಗಾಬರಿಯಿಂದ ಎಳೆಯಬೇಡಿ. ಕೋಲಿನ ತುದಿಯನ್ನು ನೀರಿನತ್ತ ಇಳಿಸಿ, ಸಡಿಲ ದಾರವನ್ನು ಬೇಗ ಸುತ್ತಿಕೊಳ್ಳಿ, ಮೀನಿನ ತೂಕ ತಾಗಿದ ಕೂಡಲೇ ಕೋಲನ್ನು ಬಲವಾಗಿ ಮೇಲಕ್ಕೆ ಸೆಳೆಯಿರಿ. ಬಲ ಬೇಕು: ಮೊನೆ ಹುಳುವಿನ ಮೈಯನ್ನೂ ದಾಟಬೇಕು, ದವಡೆಯನ್ನೂ ಚುಚ್ಚಬೇಕು. ಸಡಿಲ ದಾರದ ಮೇಲೆ ಎಳೆದ ಬಲವೆಲ್ಲ ದಾರವನ್ನು ನೇರ ಮಾಡುವುದರಲ್ಲೇ ಹೋಗುತ್ತದೆ. ಹಳಬರು ಕೆಲವರು ಹತ್ತರವರೆಗೆ ಎಣಿಸಿ ಎಳೆಯಿರಿ ಎನ್ನುತ್ತಿದ್ದರು. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹೊತ್ತು ಕೊಟ್ಟಷ್ಟೂ ಮೀನು ಕೊಕ್ಕೆಯನ್ನು ಗಂಟಲಿಗೆ ಇಳಿಸಿಕೊಳ್ಳುತ್ತದೆ. ದವಡೆಯಲ್ಲಿ ಸಿಕ್ಕ ಮೀನನ್ನು ಬಿಟ್ಟರೆ ಬದುಕುತ್ತದೆ, ಗಂಟಲಲ್ಲಿ ಸಿಕ್ಕಿದ್ದಕ್ಕೆ ಆ ಅವಕಾಶ ಕಡಿಮೆ. 1970ರ ದಶಕದ ಆರಂಭದಲ್ಲಿ ರೇ ಸ್ಕಾಟ್ ತಮ್ಮ ಬಾಸ್ ಸ್ಪರ್ಧೆಗಳಲ್ಲಿ ಹಿಡಿದ ಮೀನನ್ನು ಜೀವಂತ ಬಿಡುವ ಪದ್ಧತಿ ತಂದ ಮೇಲೆ ಇದು ಬರಿಯ ಕೌಶಲದ ಪ್ರಶ್ನೆಯಾಗಿ ಉಳಿದಿಲ್ಲ.

ಉಳಿದ ಜೋಡಣೆಗಳು

ವ್ಯಾಕಿ ರಿಗ್ ನೋಡಿದವರಿಗೆ ಮೊದಲು ನಂಬಿಕೆ ಬರುವುದಿಲ್ಲ. ಐದು ಇಂಚಿನ ಕಡ್ಡಿ ಹುಳುವಿನ ಸೊಂಟಕ್ಕೆ ಚಿಕ್ಕ ಕೊಕ್ಕೆಯನ್ನು ಅಡ್ಡ ಚುಚ್ಚಿದರೆ ಆಯಿತು, ಗುಂಡು ಕೂಡ ಇಲ್ಲ. ಎರಡು ತುದಿಗಳೂ ಬಿಡುವಾಗಿರುವುದರಿಂದ ಬೀಳುವಾಗ ಎರಡೂ ಬಡಿದುಕೊಳ್ಳುತ್ತವೆ; ತುಸು ಎಳೆದರೆ ಮಡಚಿಕೊಂಡು ಬಿಟ್ಟಾಗ ಬಿಚ್ಚಿಕೊಳ್ಳುತ್ತವೆ. ಈ ಬಗೆಯ ಗಾಳಗಾರಿಕೆ ಎಲ್ಲೆಡೆ ಹರಡಿದ್ದು ಗ್ಯಾರಿ ಯಮಮೊಟೊ ಅವರ ಸೆಂಕೊ ಎಂಬ ಉಪ್ಪು ತುಂಬಿದ ಹುಳುವಿನಿಂದ. ನೋಡಲು ಅದು ಬರಿಯ ಒಂದು ಕಡ್ಡಿ, ಬಾಲವಿಲ್ಲ, ಕಾಲಿಲ್ಲ, ಅಲಂಕಾರವಿಲ್ಲ. ಇರುವುದೆಲ್ಲ ಬೀಳುವ ಬಗೆಯಲ್ಲಿ. ದೋಣಿಕಟ್ಟೆಯ ನೆರಳು, ಮೊಟ್ಟೆಯಿಡುವ ಕಾಲದ ತಿಳಿನೀರು, ಆಳವಿಲ್ಲದ ಅಂಚು ಇದಕ್ಕೆ ಸೂಕ್ತ. ಕೊಕ್ಕೆ ತೆರೆದಿರುವುದರಿಂದ ದಟ್ಟ ಕಳೆಗೆ ಆಗದು. ಹುಳು ಸೊಂಟದಲ್ಲಿ ಬೇಗ ಹರಿಯುತ್ತದೆ. ರಬ್ಬರ್ ಉಂಗುರವೊಂದನ್ನು ಸೊಂಟಕ್ಕೆ ತೊಡಿಸಿ ಅದರಡಿ ಕೊಕ್ಕೆ ಸಿಕ್ಕಿಸಿದರೆ ನಾಲ್ಕಾರು ಮೀನುಗಳಿಗೆ ಬಾಳುತ್ತದೆ. ಇಲ್ಲಿ ಬಲವಾದ ಸೆಳೆತವೂ ಬೇಡ. ದಾರ ಬಿಗಿಗೊಳಿಸಿ ಕೋಲನ್ನು ವಾಲಿಸಿದರೆ ಸಣ್ಣ ತಂತಿಯ ಕೊಕ್ಕೆ ತಾನೇ ಕಚ್ಚುತ್ತದೆ.

ಕ್ಯಾರೊಲಿನಾ ರಿಗ್ ಹುಡುಕಾಟದ ಸಾಧನ. 14ರಿಂದ 28 ಗ್ರಾಂ ಗುಂಡು, ಅದರ ಕೆಳಗೆ ಗಾಜಿನ ಮಣಿ, ಆಮೇಲೆ ತಿರುಗುಣಿ, ಅಲ್ಲಿಂದ 45ರಿಂದ 90 ಸೆಂಟಿಮೀಟರ್ ಉದ್ದದ ತುಂಡು ದಾರ, ಅದರ ಕೊನೆಗೆ ಚಿಕ್ಕ ಹುಳು. ಭಾರದ ಗುಂಡು ತಳವನ್ನು ಉಳುತ್ತಾ ಮಣಿಗೆ ಬಡಿದು ಟಿಕ್ ಟಿಕ್ ಸದ್ದು ಮಾಡುತ್ತದೆ, ಕೆಸರೆಬ್ಬಿಸುತ್ತದೆ. ಹುಳು ಮಾತ್ರ ಆ ಗದ್ದಲಕ್ಕೆ ಸಂಬಂಧವಿಲ್ಲದಂತೆ ಹಿಂದೆ ತೇಲಿ ತೇಲಿ ಬರುತ್ತದೆ. ಗುಂಡು ಬೇಗ ಬೀಳುತ್ತದೆ, ಹುಳು ನಿಧಾನ ಬೀಳುತ್ತದೆ: ಎರಡನ್ನು ಬೇರ್ಪಡಿಸಿದ್ದೇ ಇದರ ಜಾಣತನ. ಜ್ಯಾಕ್ ಚಾನ್ಸೆಲರ್ 1985ರ ಬಾಸ್‌ಮಾಸ್ಟರ್ ಕ್ಲಾಸಿಕ್ ಎಂಬ ದೊಡ್ಡ ಬಾಸ್ ಸ್ಪರ್ಧೆಯನ್ನು ಗೆದ್ದದ್ದು ಹೀಗೆ ಕಟ್ಟಿದ, ಏನೂ ಮಾಡದ ಹುಳು ಎಂದೇ ಹೆಸರಿಟ್ಟ ತಮ್ಮ ಪುಟ್ಟ ನೇರ ಹುಳುವಿನಿಂದ.

ಡ್ರಾಪ್‌ಶಾಟ್‌ನಲ್ಲಿ ಲೆಕ್ಕ ತಲೆಕೆಳಗು. ಗುಂಡು ದಾರದ ಕೊನೆಯಲ್ಲಿ, ಅದಕ್ಕಿಂತ ಒಂದು ಗೇಣು ಅಥವಾ ಎರಡು ಗೇಣು ಮೇಲೆ ಕೊಕ್ಕೆ. ಇಲ್ಲಿ ಹುಳು ಬೀಳುವುದೇ ಇಲ್ಲ ಎನ್ನಬಹುದು. ತಳಕ್ಕಿಂತ ಮೇಲೆ, ಮೀನಿನ ಕಣ್ಣಿನ ಮಟ್ಟದಲ್ಲಿ ನಿಂತಲ್ಲೇ ನಡುಗುತ್ತದೆ. ಪಾಲೊಮಾರ್ ಗಂಟು ಹಾಕುವಾಗ ದಾರದ ತುದಿಯನ್ನು ಉದ್ದ ಬಿಟ್ಟು, ಅದನ್ನು ಮೊನೆಯ ಕಡೆಯಿಂದ ಮತ್ತೆ ಕಣ್ಣಿನೊಳಗೆ ಕೆಳಗೆ ತೂರಿಸಿದರೆ ಕೊಕ್ಕೆ ದಾರಕ್ಕೆ ಅಡ್ಡಲಾಗಿ, ಮೊನೆ ಮೇಲಾಗಿ ನಿಲ್ಲುತ್ತದೆ. ಗಾಳಗಾರರು ಹೆಚ್ಚು, ಮೀನುಗಳು ಎಚ್ಚರಿಕೆಯವು ಎಂಬಂಥ ಜಪಾನಿನ ಸರೋವರಗಳಲ್ಲಿ ಪಳಗಿದ ವಿದ್ಯೆ ಇದು. ಆಳವಾದ ತಿಳಿನೀರಿನಲ್ಲಿ, ಹಠ ಹಿಡಿದು ಕುಳಿತ ಮೀನಿಗೆ, ಇದಕ್ಕೆ ಸಾಟಿಯಿಲ್ಲ. ನಡುಗಿಸುವುದೆಂದರೆ ಗುಂಡನ್ನು ಕದಲಿಸದೆ ದಾರದ ಜೋಲನ್ನಷ್ಟೇ ನಡುಗಿಸುವುದು.

ಶೇಕಿಹೆಡ್ ಮತ್ತು ನೆಕೊ ಎಂಬ ಇನ್ನೆರಡು ಇವೆ. ಮೊದಲನೆಯದರಲ್ಲಿ ತಲೆಯ ಗುಂಡಿಗೇ ಕೊಕ್ಕೆ ಎರಕಗೊಂಡಿದ್ದು ಹುಳು ತಳದಲ್ಲಿ ಬಾಲವೆತ್ತಿ ನಿಲ್ಲುತ್ತದೆ. ಎರಡನೆಯದರಲ್ಲಿ ಹುಳುವಿನ ತಲೆಗೆ ಮೊಳೆಯಂಥ ತೂಕ ಚುಚ್ಚಿ, ಪಕ್ಕದಲ್ಲಿ ಕೊಕ್ಕೆ ಹಾಕುತ್ತಾರೆ. ಮೇಲಿನ ಜೋಡಣೆಗಳು ಕೈಗೆ ಹತ್ತಿದ ಮೇಲೆ ಇವು ಅರ್ಧ ದಿನದ ಕಲಿಕೆ.

ದಾರ, ಬಣ್ಣ, ಕಾಲ

ಟೆಕ್ಸಸ್ ರಿಗ್‌ಗೆ ಏಳು ಅಡಿಯ, ತುದಿ ಮಾತ್ರ ಬೇಗ ಬಾಗುವ, ಮಧ್ಯಮಕ್ಕಿಂತ ತುಸು ಬಿರುಸಾದ ಕೋಲು. 12ರಿಂದ 17 ಪೌಂಡ್ ತಾಳಿಕೆಯ ಫ್ಲೂರೊಕಾರ್ಬನ್ ದಾರ. ಈ ದಾರ ನೀರಿಗಿಂತ ಭಾರವಾದ್ದರಿಂದ ಮುಳುಗುತ್ತದೆ, ಬೆಳಕನ್ನು ಹೆಚ್ಚುಕಡಿಮೆ ನೀರಿನಂತೆಯೇ ಬಾಗಿಸುವುದರಿಂದ ಕಣ್ಣಿಗೆ ಬೀಳುವುದೂ ಕಡಿಮೆ. ದಟ್ಟ ಕಳೆಗೆ ಹೆಣೆದ ದಾರವೇ ಆಗಬೇಕು. ವ್ಯಾಕಿ, ಡ್ರಾಪ್‌ಶಾಟ್‌ಗಳಿಗೆ ಹಗುರ ಕೋಲು, 6ರಿಂದ 10 ಪೌಂಡ್ ದಾರ ಸಾಕು.

ಬಣ್ಣದ ಚರ್ಚೆಗೆ ಕೊನೆಯಿಲ್ಲ, ಅಂಗಡಿಗಳ ಗೋಡೆ ತುಂಬಾ ಬಣ್ಣಗಳೇ. ಬಾಸ್‌ನ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು, ಹಸಿರಿಗೊಂದು, ಕೆಂಪಿಗೊಂದು. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಬಾಸ್‌ಗಳಿಗೆ ಬಣ್ಣ ಗುರುತಿಸುವ ತರಬೇತಿ ಕೊಟ್ಟು ನೋಡಿದಾಗ, ಕೆಂಪು ಮತ್ತು ಹಸಿರನ್ನು ಅವು ಚೆನ್ನಾಗಿ ಬೇರ್ಪಡಿಸಿದವು. ಕಪ್ಪು ಮತ್ತು ನೀಲಿಯ ನಡುವೆ, ಬಿಳಿ ಮತ್ತು ಹೊಳೆವ ಹಳದಿ-ಹಸಿರಿನ ನಡುವೆ ತಡವರಿಸಿದವು. ಹೀಗಾಗಿ ಎರಡು ಬಣ್ಣಗಳಿದ್ದರೆ ಕೆಲಸ ನಡೆಯುತ್ತದೆ ಎಂಬುದು ನನ್ನ ನಿಲುವು: ತಿಳಿನೀರಿಗೆ ಕುಂಬಳದ ಹಸಿರು, ಕದಡಿದ ನೀರಿಗೆ ಕಪ್ಪು-ನೀಲಿ. ಕದಡಿದ ನೀರಿನಲ್ಲಿ ಗಾಢ ಬಣ್ಣ ಹೆಚ್ಚು ಸ್ಪಷ್ಟವಾದ ಆಕಾರವಾಗಿ ಕಾಣುತ್ತದೆ. ಬಾಸ್ ತನ್ನ ಮೈಯ ಎರಡೂ ಬದಿಯ ಪಾರ್ಶ್ವರೇಖೆಯಿಂದ ನೀರಿನ ಕಂಪನವನ್ನೂ ಗ್ರಹಿಸುವುದರಿಂದ, ಅಲ್ಲಿ ಸುರುಳಿ ಬಾಲದ ದೊಡ್ಡ ಹುಳು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೂರನೆಯ ಬಣ್ಣ ಕೊಳ್ಳುವ ಹಣಕ್ಕೆ ಎರಡು ಬೇರೆ ಬೇರೆ ತೂಕದ ಗುಂಡುಗಳನ್ನು ಕೊಳ್ಳಿ, ಬೀಳುವಿಕೆ ಬದಲಾಗುತ್ತದೆ.

ನೀರಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ದಾಟಿ ಬಾಸ್‌ಗಳು ಮೊಟ್ಟೆಯಿಡಲು ಅಂಚಿಗೆ ಬರುವ ಹೊತ್ತಿಗೆ ಹುಳುವಿನ ಕಾಲ ಆರಂಭವಾಗುತ್ತದೆ. ನೀರು ಬೆಚ್ಚಗಾದಂತೆ ಹುಳು ಉದ್ದವಾಗಬಹುದು, ಎತ್ತುವ ಗತಿ ಚುರುಕಾಗಬಹುದು. ಬೇಸಿಗೆಯ ನಡುವೆ ಆಳದ ಅಂಚುಗಳಲ್ಲಿ ಹತ್ತು ಇಂಚಿನ ಹುಳು ದೊಡ್ಡ ಮೀನುಗಳನ್ನು ಎತ್ತುತ್ತದೆ. ತಣ್ಣೀರಿನಲ್ಲಿ ನೇರ ಬಾಲದ ನಾಲ್ಕೈದು ಇಂಚಿನ ಹುಳು, ಮತ್ತು ಕೈಲಾದಷ್ಟು ತಾಳ್ಮೆ.

ಮೆದು ಪ್ಲಾಸ್ಟಿಕ್ಕಿಗೆ ಇನ್ನೊಂದು ಮುಖವಿದೆ, ಅದನ್ನು ಹೇಳದೆ ಮುಗಿಸಲಾಗದು. ಹರಿದ ಹುಳು ಕೊಳೆಯುವುದಿಲ್ಲ, ನೀರಿಗೆ ಬಿಸಾಡಿದರೆ ತಳದಲ್ಲೇ ಉಳಿಯುತ್ತದೆ. ಮೀನು ಅದನ್ನು ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ. 2013ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಇಂಥ ಎರೆಗಳನ್ನೇ ನಿಷೇಧಿಸುವ ಮಸೂದೆ ಬಂದಿತ್ತು, ನಿಷೇಧ ಮಾತ್ರ ಜಾರಿಯಾಗಲಿಲ್ಲ. ಜಪಾನಿನ ಕವಗುಚಿ ಸರೋವರದಲ್ಲಿ ಮೆದು ಪ್ಲಾಸ್ಟಿಕ್ ಹುಳುಗಳಿಗೆ ನಿಷೇಧವೇ ಇದೆ. ಸೀಸದ ಚಿಕ್ಕ ಗುಂಡುಗಳನ್ನು ನುಂಗಿ ಲೂನ್ ಎಂಬ ನೀರುಹಕ್ಕಿಗಳು ಸಾಯುವುದರಿಂದ ಮೇಯ್ನ್, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳು ಅವನ್ನೂ ತಡೆದಿವೆ. ನೀವು ಗಾಳ ಹಾಕುವ ನೀರಿನ ನಿಯಮ ಏನೆಂದು ಮೊದಲೇ ವಿಚಾರಿಸಿಕೊಳ್ಳಿ.

ಹರಿದ ಹುಳುವನ್ನು ಎಸೆಯುವ ಮೊದಲು ಒಮ್ಮೆ ನೋಡಿ. ಸಾಮಾನ್ಯವಾಗಿ ಹರಿದಿರುವುದು ತಲೆಯ ಒಂದು ಸೆಂಟಿಮೀಟರ್ ಮಾತ್ರ. ಅಷ್ಟನ್ನು ಹಲ್ಲಿನಿಂದ ಬೇಡ, ಕತ್ತರಿಯಿಂದ ತೆಗೆದು, ಗೆರೆ ನೋಡಿ, ಹೊಸದಾಗಿ ಅಳತೆ ಮಾಡಿ ಮತ್ತೆ ಸಿಕ್ಕಿಸಿ. ಏಳು ಇಂಚಿನ ಹುಳು ಆರಾಗುತ್ತದೆ, ಆಮೇಲೆ ಐದಾಗುತ್ತದೆ. ಆ ಹೊತ್ತಿಗೆ ಅದನ್ನು ಶೇಕಿಹೆಡ್‌ಗೆ ಹಾಕಬಹುದು. ಅದೂ ಹರಿದರೆ ಚೀಲದ ಪಕ್ಕದ ಜೇಬಿಗೆ ಹಾಕಿ, ಸಂಜೆ ದಡ ಸೇರಿದ ಮೇಲೆ ಅಲ್ಲಿಂದ ತೆಗೆದು ಕಸದ ಬುಟ್ಟಿಗೆ ಹಾಕಿ.